ಕೊಳದ ಅಂಚಿಗೆ ಯಾವ ಗಿಡ?

ಗಿಡ ಆರಿಸುವಾಗ ಮನುಷ್ಯ ತನ್ನ ಬುದ್ಧಿಯನ್ನೆಲ್ಲ ತೋರಿಸಿಕೊಂಡುಬಿಡುತ್ತಾನೆ. ಅಂಗಿ ಆರಿಸುವಾಗ ಅಂಗಡಿಯವನೋ ಹೆಂಡತಿಯೋ ಅಡ್ಡ ಬಂದು ಕಾಪಾಡುತ್ತಾರೆ. ಗಿಡದ ವಿಷಯದಲ್ಲಿ ಯಾರೂ ಅಡ್ಡ ಬರುವುದಿಲ್ಲ, ಬೆಳೆದ ಮೇಲೆ ನೋಡೋಣ ಎಂದು ಬಿಟ್ಟುಬಿಡುತ್ತಾರೆ. ವಡ್ಡು ಊರಿನ ನಮ್ಮ ಮನೆಯ ಹಿತ್ತಲಲ್ಲಿ ನಾನು ತೋಡಿಸಿದ ಪುಟ್ಟ ಕೊಳಕ್ಕೂ ಹೀಗೇ ಆಯಿತು. ಆ ಕಥೆಯನ್ನು ನಿಧಾನವಾಗಿ ಹೇಳುತ್ತೇನೆ.

ಹಂಪಿಯ ಹತ್ತಿರದ ಒಂದು ಹೋಟೆಲಿನ ಅಂಗಳದಲ್ಲಿ ಅಂಥ ಕೊಳ ನೋಡಿದ್ದೆ. ನಮ್ಮದು ಎರಡು ಮಂಚ ಹಿಡಿಸುವಷ್ಟು ಅಗಲ, ನನ್ನ ಎದೆಯಷ್ಟು ಆಳ. ಮೊದಲು ತಾವರೆ ಹಾಕಿದೆ. ನಮ್ಮ ರಸ್ತೆಯ ಕೆಂಪು ಧೂಳು ಕೂತು ಅದರ ಎಲೆಗಳು ತೊಳೆಯದ ಊಟದ ತಟ್ಟೆಗಳಂತೆ ಕಂಡವು. ಕಂಪ್ಲಿಯಿಂದ ತಂದ ನೈದಿಲೆಯನ್ನು ಬಸವನಹುಳುಗಳು ತಿಂದವು. ಕೊನೆಗೆ ಕಾಲುವೆಯಿಂದ ಒಂದು ಬಕೆಟ್ ಅಂತರಗಂಗೆ ತಂದು ಬಿಟ್ಟೆ. ನೀರಿನ ಮೇಲೆ ತೇಲುವ ಗಿಡ, ನೋಡಲು ಅರ್ಧ ಬಿಚ್ಚಿದ ಎಲೆಕೋಸು. ಎರಡು ತಿಂಗಳಲ್ಲಿ ಕೊಳ ತುಂಬಿ ನೀರೇ ಕಾಣದಾಯಿತು. "ಅಂಚಿಗೂ ಏನರ ಹಚ್ರಿ," ಎಂದಳು ಹೆಂಡತಿ ರೇಣುಕಾ. "ನ್ಯಾಚುರಲ್ ಲುಕ್ ಹೋಗ್ತೈತಿ," ಎಂದೆ. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಗೊತ್ತಾಗದಿರುವುದೇ ಸೊಗಸು ಎಂದು ವಾದಿಸಿ ಕಲ್ಲನ್ನೂ ಕಟ್ಟಿಸಲಿಲ್ಲ. ತೋರಣಗಲ್ಲಿನ ಕಾರ್ಖಾನೆಯ ಗುತ್ತಿಗೆ ಕೆಲಸಗಾರರಿಗೆ, ಗುಂಡಿಯ ಸುತ್ತ ಹಳದಿ ಪಟ್ಟಿ ಕಟ್ಟಬೇಕೆಂದು ಪಾಠ ಹೇಳುವುದೇ ನನ್ನ ನೌಕರಿ ಎಂಬುದನ್ನು ಇಲ್ಲಿ ಹೇಳದಿದ್ದರೂ ನಡೆಯುತ್ತಿತ್ತು.

ಬೇಸಿಗೆಯಲ್ಲಿ ಧೂಳು ಕೂತು ಆ ಎಲೆಗಳೂ ಹಿತ್ತಲ ನೆಲದ ಬಣ್ಣಕ್ಕೆ ತಿರುಗಿದವು. ಆಗ ಬುಕ್ಕಸಾಗರದಿಂದ ನಮ್ಮ ಅತ್ತೆ ಈರಮ್ಮ ಬಂದರು. ಜೀವನವೆಲ್ಲ ಭತ್ತದ ಗದ್ದೆಯಲ್ಲಿ ದುಡಿದವರು, ಬೆಳೆ ಕಂಡರೆ ಕೈ ಹಾಕದೆ ಬಿಡುವವರಲ್ಲ. ಹಿತ್ತಲ ಬಾಗಿಲಲ್ಲಿ ನಿಂತು, "ಅಯ್ಯ, ಅಳ್ಯಾರು ಕೋಸು ಹಚ್ಯಾರ! ನೀರಿಲ್ಲದ ಹೆಂಗ ಬಾಡ್ಯಾವ ನೋಡು," ಎನ್ನುತ್ತ ಸೀದಾ ನಡೆದರು. ನಾನು ಹತ್ತು ಹೆಜ್ಜೆ ದೂರದಲ್ಲಿ ಚಹಾ ಕುಡಿಯುತ್ತಿದ್ದೆ.

ಅವರ ತಲೆಯೂ ನೀರಿನೊಳಗೆ ಹೋದ ಮೇಲೆ ಆ ಎಲೆಗಳು ಮೆಲ್ಲಗೆ ಮತ್ತೆ ಕೂಡಿಕೊಂಡವು. ಏನೂ ಆಗಿಲ್ಲವೆಂಬಂತೆ ಹಿತ್ತಲು ಸುಮ್ಮನಿತ್ತು. ಇಂದಿಗೂ ನನ್ನ ಕಣ್ಣ ಮುಂದೆ ಬರುವುದು ಆ ಸುಮ್ಮನಿದ್ದ ಹಿತ್ತಲೇ. ಆಗ ನಾನೇನು ಮಾಡಿದೆ? ತರಬೇತಿಯಲ್ಲಿ ಕಲಿಸುವ ಮೊದಲ ವಾಕ್ಯವನ್ನು ಗಟ್ಟಿಯಾಗಿ ಕೂಗಿದೆ: "ಎಲ್ಲರೂ ನಿಂತಲ್ಲೇ ನಿಲ್ಲಿ!" ಎಲ್ಲರೂ ಎಂದರೆ ನಾನೊಬ್ಬನೇ. ನಿಂತೆ. ರೇಣುಕಾ ಓಡಿಬಂದು ಬಟ್ಟೆ ಒಣಹಾಕುವ ಬಿದಿರು ಕೋಲು ಚಾಚಿದಳು. ಎಲೆಗಳ ನಡುವಿನಿಂದ ಒಂದು ಕೈ ಎದ್ದು ಅದನ್ನು ಹಿಡಿಯಿತು. ಆಮೇಲೆ ನನ್ನ ಕಾಲಿಗೂ ಜೀವ ಬಂದು, ಇಬ್ಬರೂ ಸೇರಿ ಎಳೆದೆವು.

ತಲೆಯ ಮೇಲೊಂದು ಅಂತರಗಂಗೆ ಹೊತ್ತು ಕೂತ ಅತ್ತೆ, ಕೆಮ್ಮು ನಿಂತ ಮೇಲೆ ಕೇಳಿದರು: "ನಿಂತಲ್ಲೇ ನಿಲ್ರಿ ಅಂದ್ರಲ್ರಿ ಅಳ್ಯಾರ, ನಾ ನೀರಾಗಿಂದ ಮತ್ತೆಲ್ಲಿಗೆ ಹೊಂಟಿದ್ದೆ?"

ರೇಣುಕಾ ನಕ್ಕಳು, ಆಮೇಲೆ ಅತ್ತಳು. ನಾನು ಅಂತರಗಂಗೆಯನ್ನೆಲ್ಲ ಎಳೆದು ಬಿಸಾಡಿ, ಕೊಳ ಮುಚ್ಚಿಸಲು ಒಂದು ಟ್ರ್ಯಾಕ್ಟರ್ ಮಣ್ಣು ಹೇಳಿದೆ. ಅಂಗಳ ದಾಟುವಾಗಲೂ ಚಪ್ಪಲಿಯಿಂದ ನೆಲವನ್ನು ಒತ್ತಿ ನೋಡುವ ಸ್ಥಿತಿ ನನ್ನದಾಗಿತ್ತು. ಅತ್ತೆ ಬಿಡಲಿಲ್ಲ. "ಬಿದ್ದಾಕಿ ನಾನು, ಅಂಜಿಕಿ ನಿಮಗ! ಮುಚ್ಚೋದು ಬ್ಯಾಡ. ನೀರು ಇಲ್ಲೈತಿ ಅಂತ ದೂರದಿಂದ್ಲೇ ಹೇಳೋ ಗಿಡ ಹಚ್ಚಬೇಕು." ವಾರದ ನಂತರ ಊರಿಂದ ಮರಳಿದ ಅವರ ಜೊತೆ ಬಸ್ಸಿನಲ್ಲಿ ಅವರ ಆಯ್ಕೆಯೂ ಬಂತು: ಆನೆಯ ಕಿವಿಯಂಥ ಎಲೆಯ ಕೆಸು, ಕತ್ತಿಯಂತೆ ನೆಟ್ಟಗೆ ನಿಲ್ಲುವ ಬಜೆ, ಹೊರಗಿನ ಸಾಲಿಗೆ ಸೊಂಟದೆತ್ತರ ಬೆಳೆಯುವ ಕೆಂಪು ಹೂವಿನ ಕಾಬಾಳೆ. ನಡುವೆ ಬೇಕಿದ್ದರೆ ನೈದಿಲೆ ಇರಲಿ, ಅರ್ಧ ನೀರಾದರೂ ಕಾಣಬೇಕು ಎಂದರು. ಲುಕ್‌ನ ಮಾತು ನಾನು ಎತ್ತಲಿಲ್ಲ.

ನೀರನ್ನು ಮೊಣಕಾಲಿನಷ್ಟಕ್ಕೆ ಇಳಿಸಿ ಅತ್ತೆ ಒಳಗಿಳಿದು ನಿಂತರು. ಸಸಿ ಕೊಡುವುದು ನನ್ನ ಕೆಲಸ. ಪಕ್ಕದ ನುಗ್ಗೆ ಮರದ ಕೊಂಬೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈ ಚಾಚಿ ಬಜೆಯ ಸಸಿ ನೀಡಿದೆ. ಅದು ಅವರಿಗೆ ಒಂದು ಗೇಣು ದೂರವೇ ಉಳಿಯಿತು.

"ಇನ್ನೊಂದ್ ಹೆಜ್ಜಿ ಮುಂದ ಬರ್ರಿ."

"ಇಲ್ಲಿಂದನ ತಗೊಳ್ರಿ ಅತ್ತಿ."

"ನೋಡವ್ವ ರೇಣುಕಾ, ನಿನ್ ಗಂಡ ಮುಟ್ಟಿದ್ರ ಮುರಿಯೋ ನುಗ್ಗಿ ಟೊಂಗಿ ನಂಬ್ಯಾರ, ನನ್ನ ನಂಬವಲ್ರು!"

ಸುರಕ್ಷತೆಯ ಬಗ್ಗೆ ನನಗೇ ಯಾರಾದರೂ ಪಾಠ ಹೇಳಿದರೆ ಸಿಟ್ಟು ಬರುತ್ತದೆ. ಬೇಕೆಂದೇ ಕೊಂಬೆಯ ಮೇಲೆ ಇನ್ನಷ್ಟು ಭಾರ ಬಿಟ್ಟು ಬಾಗಿದೆ. ಲಟಕ್ಕೆಂದಿತು. ಆದರೆ ನಾನು ಬೀಳಲಿಲ್ಲ, ಅತ್ತೆಯ ಕೆಸರುಗೈ ಆಗಲೇ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಮುರಿದ ಕೊಂಬೆಯನ್ನು ಮಾತ್ರ ನಾನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ.