ಅಗಸಿಯ ಮೇಲೆ ಅರಿವೆ ಒಗೆದವಳು

ಊರ ಅಗಸಿಯನ್ನು ದಾಟಿದವರು ಕೊಪ್ಪಳದಲ್ಲಿ ಬೇಕಾದಷ್ಟು ಜನ ಇದ್ದರು. ಅದರ ಮೇಲೆ ಅರಿವೆ ಒಗೆದವಳು ಮಾತ್ರ ನಮ್ಮ ದೊಡ್ಡವ್ವ ಒಬ್ಬಳೇ!

ನಿಜಾಮರ ಕಾಲದ ಮಾತು. ಹಿಟ್ನಾಳದ ಕಡೆ ಮುಖ ಮಾಡಿ ನಿಂತ ಆ ಕಲ್ಲಿನ ಅಗಸಿ ಹೆಸರಿಗಷ್ಟೇ ಊರ ಹೆಬ್ಬಾಗಿಲು. ಎತ್ತರದವರು ತಲೆ ತಗ್ಗಿಸಲೇಬೇಕು, ಇಲ್ಲವೆಂದರೆ ಹಣೆಗೆ ಬುಗುಟು. ಮೇಲಿನ ಅಡ್ಡಗಲ್ಲಿನಲ್ಲಿ ಯಾವ ಪುಣ್ಯಾತ್ಮನೋ ಕೆತ್ತಿಸಿದ್ದ: 'ಬಾಗಿ ಬಂದವರಿಗೆ ಒಳಿತಾಗಲಿ.' ಆಮೇಲೆ ಊರಿಗೆ ಮೋಟಾರು ಬಂತು. ಮೋಟಾರಿಗೆ ಬಾಗಲು ಬರುತ್ತದೆಯೇ? ಅಗಸಿಯನ್ನೇ ಕೆಡವಿದರು.

ಊರೆಲ್ಲ ಮೋಟಾರು ನೋಡಲು ಓಡಿದರೆ ದೊಡ್ಡವ್ವ ಕಲ್ಲು ನೋಡಲು ಓಡಿದಳು. ಕೆಡವಿದವರಿಗೆ ರೊಟ್ಟಿ, ಪುಂಡಿಪಲ್ಯ ಉಣಿಸಿ ಆ ಅಡ್ಡಗಲ್ಲನ್ನು ಬಂಡಿಯಲ್ಲಿ ಹಿತ್ತಲಿಗೆ ತರಿಸಿದಳು.

"ಇದನ್ಯಾಕ ತಂದಿ?" ದೊಡ್ಡಪ್ಪ ಕೇಳಿದ.

"ಅರಿವಿ ಒಗಿಯಾಕ ಕಲ್ಲು ಬೇಕಾಗಿತ್ರಿ."

"ಮಂದಿ ಅಗಸ್ಯಾಗ ಬರ್ತಾರ. ನಮ್ಮ ಮನಿಗೆ ಅಗಸೀನ ಬಂತು ನೋಡು."

ಅಕ್ಷರದ ಮಗ್ಗುಲು ಮೇಲೆ ಮಾಡಿ ಹಾಕಿಸಿದ್ದಳು. ಒಂದೇ ವಾರಕ್ಕೆ ದೊಡ್ಡಪ್ಪನ ಧೋತರ ಜಾಳಿಗೆಯಾಯಿತು! "ಧೋತರದ ಮ್ಯಾಲ ಶಾಸನ ಮೂಡೇತಿ. ಕಲ್ಲು ತಿರುವಿ ಹಾಕು" ಎಂದ. "ಅಕ್ಷರದ ಮಾರಿ ನೆಲಕ್ಕ ಹಚ್ಚಬಾರದ್ರಿ" ಎಂದಳು. "ಮತ್ತ ಅದರ ಮ್ಯಾಲ ಅರಿವಿ ಬಡಿಬಹುದೇನು?" "ಸರಸ್ವತಿಗೆ ದಿನಾ ಜಳಕ ಆಗತೈತಿ, ಬಿಡ್ರಿ."

ಸರಸ್ವತಿ ಬೇಕಾಗಿದ್ದದ್ದು ನನಗೆ. ಮನೆಯ ಹುಡುಗರು ಶಾಲೆಯಲ್ಲಿ ಉರ್ದು ಕಲಿಯುತ್ತಿದ್ದರು, ಹೆಣ್ಣುಮಗಳಾದ ನನಗೆ ಅದೂ ಇಲ್ಲ. "ಅಕ್ಷರ ಕಲ್ತು ಆಕಿ ತಹಶೀಲ್ದಾರ್ ಆಗ್ತಾಳೇನು?" ಎಂದು ದೊಡ್ಡಪ್ಪ ಮಾತು ಮುಗಿಸಿದ್ದ. ದೊಡ್ಡವ್ವನಿಗೂ ಓದು ಬಾರದು. ಆದರೆ ಚಿಕ್ಕಂದಿನಲ್ಲಿ ಅಗಸಿ ದಾಟುವಾಗೆಲ್ಲ ಅವಳ ಅಪ್ಪ ಆ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದನಂತೆ. ಬಾಯಿಪಾಠವಾಗಿದ್ದ ಆ ಸಾಲನ್ನು ಸೋಪಿನ ಕೈಯಿಂದಲೇ ಕಲ್ಲಿನ ಮೇಲೆ ಒಂದೊಂದೇ ಅಕ್ಷರವಾಗಿ ಮುಟ್ಟಿ ನನಗೆ ತೋರಿಸುತ್ತಿದ್ದಳು: "ಇದು ಬಾ. ಇದು ಗಿ."

ಹೀಗೆ ನಾನು ಅಕ್ಷರಸ್ಥೆಯಾದೆ. ಆದರೆ ಕೊಪ್ಪಳದಲ್ಲಿ ಹುಟ್ಟಿ ಕೊಪ್ಪಳ ಎಂದು ಬರೆಯಲಾರೆ, ಕಲ್ಲಿನಲ್ಲಿ 'ಕ' ಇಲ್ಲವಲ್ಲ! ಉಳಿದ ಅಕ್ಷರಗಳೆಲ್ಲ ನನಗೆ ಆಮೇಲೆ ಸಿಕ್ಕವು, ಪುಸ್ತಕಗಳೂ ಸಿಕ್ಕವು. ಅವಕ್ಕೆಲ್ಲ ಬಾಗಿಲು ತೆರೆದದ್ದು ಆ ಒಗೆಯುವ ಕಲ್ಲು. ದೊಡ್ಡವ್ವನ ಋಣ ಹೇಳಿ ತೀರುವಂಥದ್ದಲ್ಲ.

ಕಲ್ಲಿನ ಅಕ್ಷರಗಳಷ್ಟೇ ಬರುತ್ತಿದ್ದ ಆ ದಿನಗಳಲ್ಲಿ ಒಂದು ಮುಂಜಾನೆ ಆ ಸಾಲಿನ ಕೆಳಗೆ ಇದ್ದಿಲಿನಿಂದ ನಾನೇ ಒಂದು ಶಬ್ದ ಬರೆದೆ: 'ಬಾಳವವ.' ಒತ್ತಕ್ಷರ ಕಲ್ಲಿನಲ್ಲಿ ಇರಲಿಲ್ಲ, ನಾನೇನು ಮಾಡಲಿ?

"ಏನ ಬರದಿ?" ಅರಿವೆ ಒಗೆಯಲು ಬಂದ ದೊಡ್ಡವ್ವ ಕೇಳಿದಳು.

"ನಿನ್ನ ಹೆಸರು."

ಬಾಳವ್ವ ಎಂದು ಅವಳನ್ನು ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು, ಬಾಗಿ, ಬಹಳ ಹೊತ್ತು ನೋಡಿದಳು. ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಇದು ನಾನಾ?"

ಆಮೇಲೆ ನೆನೆಹಾಕಿದ್ದ ಅರಿವೆಯನ್ನೆಲ್ಲ ಹಿಂಡಿ ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತಳು.

"ಇವತ್ತ ಹಳ್ಳಕ್ಕ ಹೋಗಿ ಒಗೀತೀನಿ. ಕಲ್ಲಿನ ಮ್ಯಾಲ ಯಾರೂ ನೀರು ಚೆಲ್ಲದಂಗ ನೋಡ್ಕೊ."