ಒತ್ತಿ ಹೇಳಿದ್ದು

ಪತ್ರಿಕೆಯಲ್ಲಿ ಎಲ್ಲರೂ ಮೊದಲು ಓದುವುದು ಮುಖಪುಟ ಎಂದು ಹೊರಗಿನವರು ತಿಳಿದಿರುತ್ತಾರೆ. ಒಳಗಿನವರು ಮೊದಲು ಓದುವುದು ನಾಲ್ಕನೇ ಪುಟದ ಕೆಳಮೂಲೆಯಲ್ಲಿ ಬರುವ ‘ತಿದ್ದುಪಡಿ’ಯನ್ನು. ನಿನ್ನೆ ಯಾರು ಬದುಕಿದ್ದವರನ್ನು ದಿವಂಗತ ಮಾಡಿದರು, ಯಾರು ನಿಶ್ಚಿತಾರ್ಥದ ಸುದ್ದಿಗೆ ಕಳ್ಳತನದ ಫೋಟೊ ಹಾಕಿದರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಹನ್ನೊಂದು ವರ್ಷ ನಾನು ಆ ಮೂಲೆಗೆ ಕಾಲಿಟ್ಟವನಲ್ಲ. ಹೊಸದಾಗಿ ಸೇರಿದವರನ್ನು ಎದುರಿಗೆ ಕೂರಿಸಿಕೊಂಡು, “ಹೇಳಿದ್ದನ್ನ ಬರೀರಿ, ಹೇಳಿರಬಹುದು ಅಂತ ನಿಮಗೆ ಅನ್ನಿಸಿದ್ದನ್ನಲ್ಲ” ಎಂದು ಉಪದೇಶ ಮಾಡುವ ಹಕ್ಕು ನನಗೆ ಬಂದದ್ದು ಅದರಿಂದಲೇ. ಆ ಹಕ್ಕನ್ನು ನಾನು ಕಳೆದುಕೊಂಡದ್ದು ಒಂದು ಕುದುರೆಯ ದೆಸೆಯಿಂದ.

ಆಗ ಡಿವಿಡಿ ಇನ್ನೂ ಹೊಸತು. ಹೊಸೂರು ರಸ್ತೆಯ ಓದುಗರಿಗೆಂದು ನಮ್ಮ ಪತ್ರಿಕೆ ವಾರಕ್ಕೊಂದು ಪುರವಣಿ ತರುತ್ತಿತ್ತು. ಅದರಲ್ಲಿ ‘ನೋಡಿದವರು ಏನಂತಾರೆ’ ಎಂಬ ಅಂಕಣ. ಡಿಸ್ಕಾಗಿ ಬಂದ ಯಾವುದಾದರೂ ಸಿನಿಮಾವನ್ನು ನಾಲ್ಕು ಜನಕ್ಕೆ ತೋರಿಸಿ ಅವರ ಮಾತನ್ನು ಹಾಗೆಯೇ ಅಚ್ಚು ಹಾಕುವುದು, ಅಷ್ಟೇ ಕೆಲಸ. ಒಂದು ಶನಿವಾರ ಸಂಪಾದಕರು ಒಂದು ಡಿಸ್ಕನ್ನೂ ಕಚೇರಿಯ ಪ್ಲೇಯರನ್ನೂ ನನ್ನ ಕೈಗಿಟ್ಟು, “ಬ್ರಿಟಿಷರು ತಮ್ಮನ್ನೇ ಗೇಲಿ ಮಾಡ್ಕೊಂಡಿರೋ ಸಿನಿಮಾ. ಅತಿವಾಸ್ತವ ಅಂತೆ, ಕನಸಿನ ಥರ ತಲೆಬುಡ ಇರಲ್ವಂತೆ. ಹೆಬ್ಬಗೋಡಿ ಜನ ಏನಂತಾರೋ ನೋಡೋಣ. ನೀವಾದ್ರೆ ತಪ್ಪಾಗಲ್ಲ” ಅಂದರು. ಈ ಕೊನೆಯ ಮಾತನ್ನು ನಾನು ಬಸ್ಸಿನಲ್ಲಿ ಎರಡು ಸಲ ನೆನೆಸಿಕೊಂಡೆ.

ಭಾನುವಾರ ಮಧ್ಯಾಹ್ನ ಮೂರೂವರೆಗೆ ಹೆಬ್ಬಗೋಡಿಯ ನಮ್ಮ ಬಾಡಿಗೆ ಮನೆಯಲ್ಲಿ ಪ್ರದರ್ಶನ. ಪ್ರೇಕ್ಷಕರು ಮೂವರು. ಮೊದಲನೆಯವರು ಮನೆ ಮಾಲೀಕರಾದ ಮುನಿರಾಜಪ್ಪ. ಅವರ ತಂದೆ ರಾಗಿ ಬೆಳೆದ ಜಾಗದಲ್ಲಿ ಅವರು ಮೂರು ಅಂತಸ್ತು ಬೆಳೆದಿದ್ದರು. ಎರಡನೆಯವರು ಎದುರು ಮನೆಯ ಗಿರಿಜಕ್ಕ, ಗದಗದ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ. ಮೂರನೆಯವನು ಮೇಲಿನ ಮನೆಯ ಪ್ರದೀಪ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ಅವನ ಕೆಲಸ. ತಪ್ಪಿನ ವಿಚಾರದಲ್ಲಿ ಅವನಷ್ಟು, ನನ್ನಷ್ಟು ಜಾಗರೂಕರಾದ ಇಬ್ಬರು ಒಂದೇ ಸೋಫಾದಲ್ಲಿ ಅದುವರೆಗೆ ಕೂತಿರಲಾರರು.

ಡಿಸ್ಕ್ ಹಾಕುವ ಮೊದಲು ನಾನು ಪುಟ್ಟ ಭಾಷಣ ಮಾಡಿದೆ. ಇಂಥ ಚಿತ್ರದಲ್ಲಿ ಕಥೆ ಹುಡುಕಬಾರದು, ಅವಸರಪಡಬಾರದು, ಬಂದದ್ದನ್ನು ಬಂದ ಹಾಗೆ ಸ್ವೀಕರಿಸಬೇಕು ಎಂದೆ. ಈ ಭಾಷಣ ಮಾಡದೇ ಇದ್ದಿದ್ದರೆ ನಾನಿವತ್ತು ಇದನ್ನು ಬರೆಯುತ್ತಿರಲಿಲ್ಲ.

ಚಿತ್ರ ಬಂತು. ಲಂಡನ್ನಿನ ಬೀದಿ. ಬೀದಿಯ ನಡುವೆ ಸ್ನಾನದ ತೊಟ್ಟಿ. ತೊಟ್ಟಿಯೊಳಗೆ ಕೋಟು, ಟೈ, ಟೋಪಿ ಸಮೇತ ಒಬ್ಬ ಮಂತ್ರಿ. ಅವನ ತಲೆಯ ಮೇಲಿನ ಛತ್ರಿಯಲ್ಲಿ ಇಂಗ್ಲಿಷಿನಲ್ಲಿ ‘ಪ್ಲೇ’ ಎಂದು ಬರೆದಿದೆ. ಒಂದು ಕುದುರೆ ಬಂದು ಅವನ ಬಟ್ಟಲಿಗೆ ಚಹಾ ಬಗ್ಗಿಸುತ್ತದೆ. ಮಂತ್ರಿ ಕುದುರೆಯ ಕಾಲು ಕುಲುಕುತ್ತಾನೆ. ಬ್ಯಾಂಡು ಬಾರಿಸುತ್ತದೆ. ಕುದುರೆ ಹೋಗುತ್ತದೆ. ಮತ್ತೆ ಕುದುರೆ ಬಂದು ಚಹಾ ಬಗ್ಗಿಸುತ್ತದೆ.

ಐದನೇ ಸಲ ಕುದುರೆ ಬಂದಾಗ ಮುನಿರಾಜಪ್ಪ, “ಇದಿನ್ನಾ ಸುರುವೇ ಆಗಿಲ್ವಲ್ಲ ಸಾರ್” ಅಂದರು. ನನಗೆ ರೋಮಾಂಚನವಾಯಿತು. ಒಂದು ಸಾಮ್ರಾಜ್ಯದ ಜಡತೆಯನ್ನು ನಾಲ್ಕು ಪದದಲ್ಲಿ ಹೇಳಿದ್ದರು. ತಕ್ಷಣ ಬರೆದುಕೊಂಡೆ.

ಸ್ವಲ್ಪ ಹೊತ್ತಿಗೆ ಅವರು, “ಒತ್ತಿ ಸಾರ್, ಒತ್ತಿ” ಅಂದರು. ಅವರು ಸೋಫಾದ ತುದಿಯಲ್ಲಿದ್ದರು. ಪಾಪ, ಜಾಗ ಸಾಲುತ್ತಿಲ್ಲವೆಂದು ಗಿರಿಜಕ್ಕ ಒತ್ತಿದರು, ನಾನೂ ಒತ್ತಿದೆ.

“ಅಂಗಲ್ಲ ಸಾರ್. ಒತ್ತಿ.”

ಇನ್ನೂ ಒತ್ತಿದೆವು. ಆ ಕಡೆಯ ತುದಿಯಲ್ಲಿದ್ದ ಪ್ರದೀಪ ನೆಲಕ್ಕೆ ಬಂದ.

“ಅಯ್ಯೋ, ಅದ್ನ ಒತ್ತೀ ಅಂದೆ” ಎಂದು ಮುನಿರಾಜಪ್ಪ ಟಿವಿಯ ಕಡೆ ಕೈ ಮಾಡಿದರು. ನೆಲದ ಮೇಲಿನ ಪ್ರದೀಪನ ತಲೆ ಅಡ್ಡ ಬರುತ್ತಿದೆ ಎಂದುಕೊಂಡು ನಾನು, “ಪ್ರದೀಪ್, ಸ್ವಲ್ಪ ಒತ್ತಪ್ಪ” ಅಂದೆ. ಅವನು ಶೋಕೇಸಿಗೆ ಅಂಟಿಕೊಂಡು ಕೂತ. ಮುನಿರಾಜಪ್ಪ ಈಗ ಇಬ್ಬರ ಜಾಗದಲ್ಲಿ ಒಬ್ಬರೇ ಇದ್ದರು. ನಮ್ಮನ್ನು ಒಂದು ಸಲ ನೋಡಿ, ಮಂಡಕ್ಕಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನತೊಡಗಿದರು.

ಸರಿಯಾಗಿ ನಾಲ್ಕಕ್ಕೆ, ಎಲ್ಲ ಭಾನುವಾರದಂತೆ, ಕರೆಂಟು ಹೋಯಿತು. ಕುದುರೆ ಚಹಾ ಬಗ್ಗಿಸುವ ಮೊದಲೇ ತೆರೆ ಕಪ್ಪಾಯಿತು. ಆಮೇಲೆ ಗಿರಿಜಕ್ಕ ಚಪ್ಪಾಳೆ ತಟ್ಟಿದರು. ಪ್ರದೀಪನೂ ತಟ್ಟಿದ. “ಎಂಥಾ ಕ್ಲೈಮ್ಯಾಕ್ಸ್ ಗುರು” ಅಂದ. ಕರೆಂಟು ಬಂದ ಮೇಲೆ ಮುಂದೇನಾದರೂ ಇದೆಯೋ ಎಂದು ನೋಡಲು ನಮಗೆ ಮನಸ್ಸಾಗಲಿಲ್ಲ. ಅಂಥ ಮುಕ್ತಾಯವನ್ನು ಯಾರು ಕೆಡಿಸಿಕೊಳ್ಳುತ್ತಾರೆ?

ಬುಧವಾರ ಅಂಕಣ ಬಂತು. ಪ್ರದೀಪ ಹೇಳಿದ್ದು: “ಇದು ನಮ್ಮ ಕಂಪನಿ ಮೀಟಿಂಗ್ ಕಣ್ರೀ. ಅದೇ ಕುದುರೆ, ಅದೇ ಚಹಾ, ಕೊನೇಲಿ ಕೈ ಕುಲುಕೋದು. ಎಲ್ಲೂ ಒಂದು ತಪ್ಪು ಸಿಗಲಿಲ್ಲ.” ಗಿರಿಜಕ್ಕ ಹೇಳಿದ್ದು: “ಕುದುರಿ ಅಭಿನಯ ನೋಡ್ರಿ. ಮೊದಲ ಸಲ ಬಂದಾಗ ಏನ್ ಹುರುಪು ಇತ್ತು. ಇಪ್ಪತ್ತನೇ ಸಲಕ್ಕ ಮಾರಿ ಸಣ್ಣ ಆಗಿತ್ತು. ನೌಕರಿ ಮಾಡಿದವರಿಗೇ ಅದು ತಿಳೀತೈತಿ.” ಹೆಸರು ಹೇಳಲಿಚ್ಛಿಸದ ವೀಕ್ಷಕರೊಬ್ಬರು, ಛತ್ರಿಯ ಮೇಲಿನ ‘ಪ್ಲೇ’ ಎಂಬ ಪದ ಅಧಿಕಾರದ ನೆರಳೇ ಒಂದು ಆಟವೆಂಬುದರ ಸಂಕೇತ ಎಂದಿದ್ದರು. ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ: “‘ಇದಿನ್ನೂ ಶುರುವೇ ಆಗಿಲ್ಲ’ ಎಂದು ಮುನಿರಾಜಪ್ಪ ಒತ್ತಿ ಹೇಳಿದರು.”

ಅವತ್ತೇ ಬೆಳಿಗ್ಗೆ ಮುನಿರಾಜಪ್ಪ ಪತ್ರಿಕೆ ಹಿಡಿದು ಬಂದರು. “ಸಾರ್, ನಮ್ ಮೊಮ್ಮಗಳು ಓದಿ ಯೋಳಿದ್ಲು. ನಾನೇನೋ ದೊಡ್ಡ ಮಾತಾಡಿವ್ನಂತೆ. ನಾನ್ ಅಂದಿದ್ದು, ಆ ಬಟನ್ ಒತ್ತಿ ಅಂತ. ನಮ್ಮನೆ ದೇವ್ರ ಡಿಸ್ಕೂ ಇಂಗೇಯ. ಒತ್ತೋಗಂಟ ಶಿವ ಬರೀ ಕೈ ಎತ್ಕಂಡ್ ನಿಂತಿರ್ತಾನೆ.” ಪ್ಲೇಯರಿನಲ್ಲೇ ಉಳಿದಿದ್ದ ಡಿಸ್ಕನ್ನು ಓಡಿಸಿದೆ, ಕುದುರೆ ಬಂತು. ಅವರು ರಿಮೋಟು ತೆಗೆದುಕೊಂಡು ಹೆಬ್ಬೆರಳಿನಿಂದ ಒಂದೇ ಸಲ ಒತ್ತಿದರು. ಕುದುರೆ ಮಾಯವಾಯಿತು. ಸಿನಿಮಾದ ಹೆಸರು ಬಂತು.

ಟೇಪು ತಳ್ಳಿದರೆ ತಾನೇ ಓಡುವ ಕಾಲದವನು ನಾನು. ಇಪ್ಪತ್ತೈದು ನಿಮಿಷ ನಾವು ನೋಡಿದ್ದು ಸಿನಿಮಾವನ್ನಲ್ಲ, ‘ಪ್ಲೇ’ ಒತ್ತುವ ತನಕ ಸುತ್ತುತ್ತಲೇ ಇರುವ ಅದರ ಬಾಗಿಲನ್ನು.

ಸಂಜೆ ಮೂವರನ್ನೂ ಕರೆದು ಪೂರ್ತಿ ತೋರಿಸಿದೆ, ಹೊಸ ಅಭಿಪ್ರಾಯ ಸಿಕ್ಕರೆ ಹಳೆಯದನ್ನು ಮುಚ್ಚಿಹಾಕಬಹುದೆಂದು. ಒಬ್ಬರೂ ಮಾತು ಹಿಂದೆ ಪಡೆಯಲಿಲ್ಲ. ಇಡೀ ಚಿತ್ರದಲ್ಲಿ ಕುದುರೆ ಬರುವುದು ಒಂದೇ ಸಲ. “ಪಾತ್ರಾನ ಬೆಳಿಸಿಲ್ರೀ” ಎಂದು ಗಿರಿಜಕ್ಕ ಬೇಜಾರು ಮಾಡಿಕೊಂಡರು. “ಜಾಸ್ತಿ ಎಳೆದಿದಾರೆ ಸಾರ್. ಆವತ್ತಿಂದೇ ಸಕ್ಕತ್ತಾಗಿತ್ತು” ಅಂದ ಪ್ರದೀಪ. ಮುನಿರಾಜಪ್ಪ ಮಾತ್ರ ಕೊನೆತನಕ ನಕ್ಕರು. ಅವರಿಗೆ ಇಂಗ್ಲಿಷು ಬಾರದು.

ಮರುದಿನ ಸಂಪಾದಕರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದರು. “ಅಭಿಪ್ರಾಯಕ್ಕೆ ತಿದ್ದುಪಡಿ ಹಾಕೋಕಾಗಲ್ಲ ಕಣ್ರೀ. ಅವರು ಕಂಡಿದ್ದನ್ನ ಹೇಳಿದಾರೆ. ಮುನಿರಾಜಪ್ಪನವರದೊಂದೇ ನಿಜವಾದ ಸುದ್ದಿ, ಅದನ್ನ ನೀವು ವಿಮರ್ಶೆ ಮಾಡಿದೀರಿ. ಅದಕ್ಕೊಂದು ಹಾಕಿ. ಅಂದಹಾಗೆ, ಆ ಹೆಸರು ಹೇಳದ ವೀಕ್ಷಕರು ಯಾರು?”

ಮೂಲವನ್ನು ಬಿಟ್ಟುಕೊಡುವುದು ವೃತ್ತಿಧರ್ಮವಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಮೂಲ ಬೆವರುತ್ತಿತ್ತು.

ಹನ್ನೊಂದು ವರ್ಷದ ದಾಖಲೆ ಹೋಗುವುದೇ ಆದರೆ ನಿಖರವಾಗಿ ಹೋಗಲಿ ಎಂದು ಕೂತು ಯೋಚಿಸಿದೆ. ಮುನಿರಾಜಪ್ಪ ಒತ್ತಿ ಎಂದದ್ದು ನಿಜ, ಹೇಳಿದ್ದೂ ನಿಜ. ನನ್ನ ವಾಕ್ಯದಲ್ಲಿ ಇಲ್ಲದೇ ಹೋದದ್ದು ಎರಡು ಅಲ್ಪವಿರಾಮ ಮಾತ್ರ. ಹಾಗಾಗಿ ಹೀಗೆ ಬರೆದೆ: “ಬುಧವಾರದ ಪುರವಣಿಯಲ್ಲಿ ‘ಮುನಿರಾಜಪ್ಪ ಒತ್ತಿ ಹೇಳಿದರು’ ಎಂದಿರುವುದನ್ನು ‘ಮುನಿರಾಜಪ್ಪ, ಒತ್ತಿ, ಹೇಳಿದರು’ ಎಂದು ಓದಿಕೊಳ್ಳಬೇಕು.” ಇಷ್ಟು ಚಿಕ್ಕ ತಿದ್ದುಪಡಿ ನಮ್ಮ ಪತ್ರಿಕೆಯ ಚರಿತ್ರೆಯಲ್ಲೇ ಇರಲಾರದು ಎಂದು ಒಳಗೊಳಗೇ ಹೆಮ್ಮೆಯೂ ಆಯಿತು.

ಬೆಳಿಗ್ಗೆ ಪ್ರದೀಪ ಮೆಟ್ಟಿಲಲ್ಲೇ ಕೈ ಹಿಡಿದುಕೊಂಡ. “ಸಾರ್, ನಿಮ್ ತಿದ್ದುಪಡಿ ಓದಿದೆ. ಇದು ಆ ಸಿನಿಮಾನೇ ಮೀರಿಸ್ಬಿಡ್ತು.” ಪತ್ರಿಕೆ ಬಿಡಿಸಿದೆ. ಅಚ್ಚಿನಲ್ಲಿ ಅಲ್ಪವಿರಾಮಗಳು ಬಿದ್ದುಹೋಗಿದ್ದವು. “‘ಮುನಿರಾಜಪ್ಪ ಒತ್ತಿ ಹೇಳಿದರು’ ಎಂದಿರುವುದನ್ನು ‘ಮುನಿರಾಜಪ್ಪ ಒತ್ತಿ ಹೇಳಿದರು’ ಎಂದು ಓದಿಕೊಳ್ಳಬೇಕು” ಎಂದಿತ್ತು.

ಆ ಪುಟದ ಕರಡು ತಿದ್ದಿದವರನ್ನು ಹಿಡಿದು ಬುದ್ಧಿ ಹೇಳೋಣವೆಂದು ಕಚೇರಿಗೆ ಹೋಗಿ ಕರಡಿನ ಮೇಲಿನ ರುಜು ನೋಡಿದೆ. ನನ್ನದೇ ಇತ್ತು. ಬಹಳ ಒತ್ತಿ ಹಾಕಿದ್ದೆ.