ನಮ್ಮ ಮನೆಯ ಸೆಂಟ್ರಲ್ ಕೂಲರು

ನನಗೆ ಅಳತೆಯ ಹುಚ್ಚು. ಇದನ್ನು ನಾನು ನಾಚಿಕೆಯಿಂದಲ್ಲ, ಹೆಮ್ಮೆಯಿಂದಲೇ ಹೇಳಿಕೊಳ್ಳುವುದು. ಹೊಸ ಮನೆಗೆ ಊಟಕ್ಕೆ ಕರೆದರೆ ಬೇರೆಯವರು ಪಾಯಸ ಹೇಗಿದೆ ಎಂದು ನೋಡುತ್ತಾರೆ. ನಾನು ಹಜಾರ ಎಷ್ಟು ಅಡಿ ಇದೆ ಎಂದು ಹೆಜ್ಜೆ ಹಾಕಿ ನೋಡುತ್ತೇನೆ. ನನ್ನ ಮದುವೆಯ ದಿನವೇ, ಧಾರೆಗೆ ಸ್ವಲ್ಪ ಮುಂಚೆ, ಚಪ್ಪರ ಒಂದಡಿ ಓರೆಯಾಗಿದೆ ಎಂದು ಮಾವನವರಿಗೆ ತೋರಿಸಿಕೊಟ್ಟೆ. ಅವತ್ತಿನಿಂದ ಅವರು ನನ್ನ ಹತ್ತಿರ ಹವಾಮಾನವೊಂದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ನಾನು ಪಾವಗಡದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಪಾವಗಡದ ಹವಾಮಾನದ ಬಗ್ಗೆ ಎಷ್ಟು ಹೊತ್ತು ಮಾತಾಡಲು ಸಾಧ್ಯ? ಬಿಸಿಲು ಎಂದರೆ ಮುಗಿಯಿತು.

ನಮ್ಮ ಮನೆಗೆ ಕಲ್ಲುಚಪ್ಪಡಿಯ ಮಾಡು. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಅದು ಕಾದ ಹೆಂಚಿನಂತಾಗುತ್ತಿತ್ತು. ಅದರ ಕೆಳಗೆ, ನಡುಮನೆಯಲ್ಲಿ, ನನ್ನ ಹೆಂಡತಿ ಜಯಾ ಎಂಟು ಜನ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಎಂಬತ್ತರ ದಶಕದ ಆರಂಭದ ಮಾತು. ಆ ವರ್ಷ ಎಂಟೂ ಜನ ಮೇ ತಿಂಗಳಲ್ಲಿ ಸರ್ಕಾರದ ಹೊಲಿಗೆ ಪರೀಕ್ಷೆಗೆ ಕೂರುವವರಿದ್ದರು. ಪಾಸಾದರೆ ಹೊಲಿಗೆ ಟೀಚರ್ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಆದರೆ ಬೆವರಿದ ಬೆರಳಲ್ಲಿ ಸೂಜಿ ನಿಲ್ಲದು, ಬಟ್ಟೆ ಅಂಗೈಗೆ ಅಂಟಿಕೊಳ್ಳುತ್ತದೆ. ವೈ.ಎನ್.ಹೊಸಕೋಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಓಬಳಮ್ಮ ಒಂದು ಮಧ್ಯಾಹ್ನ ಗುಂಡಿಗೆ ಕಾಜಾ ಹಾಕುತ್ತಾ ಹಾಕುತ್ತಾ ತಲೆ ಸುತ್ತಿ ಬಿದ್ದೇಬಿಟ್ಟಳು. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ ಮೇಲೆ ಅವಳು ಮೊದಲು ಕೇಳಿದ್ದು, "ಅಕ್ಕಾ, ಬಟ್ಟೆ ಕೊಳೆ ಆಯ್ತೇನಕ್ಕಾ?" ಎಂದು. ಜಯಾ ನನ್ನ ಕಡೆ ತಿರುಗಿ, "ರೀ, ಸೈನ್ಸ್ ಮೇಷ್ಟ್ರು ಅಲ್ವಾ ನೀವು? ಏನಾದ್ರೂ ಮಾಡಿ" ಎಂದಳು.

ಮದುವೆಯಾಗಿ ಅಷ್ಟು ವರ್ಷಕ್ಕೆ ಅವಳು ನನ್ನ ವಿಜ್ಞಾನವನ್ನು ಕೇಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಹಿಂದೊಮ್ಮೆ ಬೆಂಗಳೂರಿನ ದೊಡ್ಡ ಕಟ್ಟಡವೊಂದಕ್ಕೆ ಹೋಗಿದ್ದಾಗ, ಒಂದೇ ಯಂತ್ರದಿಂದ ತಗಡಿನ ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ತಂಪು ಗಾಳಿ ಹೋಗುವುದನ್ನು ಕಂಡಿದ್ದೆ. ಅದಕ್ಕೆ ಸೆಂಟ್ರಲ್ ಎನ್ನುತ್ತಾರೆಂದು ಅಲ್ಲಿಯ ಕಾವಲುಗಾರ ಹೇಳಿದ್ದ. ಅಂಥ ಏರ್ ಕಂಡೀಶನರು ನಮ್ಮಂಥವರಿಗೆಲ್ಲಿ? ಆದರೆ ಒದ್ದೆ ಲಾವಂಚದ ಮೂಲಕ ಗಾಳಿ ಎಳೆಯುವ ಕೂಲರನ್ನೇ ದೊಡ್ಡದಾಗಿ ಮಾಡಿಸಿ, ಕೊಳವೆ ಹಾಕಿಸಿದರೆ ಅದೂ ಸೆಂಟ್ರಲ್ಲೇ ತಾನೆ? ನಡುಮನೆ, ಕೋಣೆ, ಅಡಿಗೆಮನೆ ಮೂರನ್ನೂ ಅಳೆದೆ. ಉದ್ದ, ಅಗಲ, ಎತ್ತರ ಗುಣಿಸಿದೆ. ಬಂದ ಉತ್ತರ ಸಾಲದೆನ್ನಿಸಿ, ಯಾವುದಕ್ಕೂ ಇರಲಿ ಎಂದು ಎರಡರಿಂದ ಮತ್ತೊಮ್ಮೆ ಗುಣಿಸಿದೆ.

ಆ ಚೀಟಿ ಹಿಡಿದು ಶಿರಾಕ್ಕೆ ಹೋದೆ. ಅಲ್ಲಿ ತಗಡಿನ ಕೆಲಸದ ಗಫೂರ್ ಸಾಬರೆಂದರೆ ಸುತ್ತಮುತ್ತ ಹೆಸರು. ಅವರು ಚೀಟಿಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದರು.

"ಅರೆ ಮೇಷ್ಟ್ರೇ, ಇದು ಮನೆಗಾ, ಟಾಕೀಸ್‌ಗಾ?"

"ಮನೆಗೇ."

"ಒಳಗೆ ಎಷ್ಟು ಜನ ಕೂರ್ತಾರೆ? ಪಡುವಲ ಗೋಡೆಗೆ ಎಷ್ಟು ಹೊತ್ತು ಬಿಸಿಲು? ನೀರು ಎಲ್ಲಿಂದ? ಹೋದ ಗಾಳಿ ಹೊರಗೆ ಬರೋಕೆ ಎದುರಿಗೆ ಕಿಟಕಿ ಇದೆಯಾ?"

ಇವು ಯಾವುವೂ ನನ್ನ ಚೀಟಿಯಲ್ಲಿರಲಿಲ್ಲ. "ದೊಡ್ಡದಿದ್ದರೆ ಜಾಸ್ತಿ ತಂಪು, ಜಾಸ್ತಿ ವರ್ಷ ಬಾಳಿಕೆ. ನೀವು ಮಾಡಿ ಸಾಬರೇ" ಎಂದೆ. ಅವರು ನಿಟ್ಟುಸಿರು ಬಿಟ್ಟು, "ನಿಮ್ಮ ಮರ್ಜಿ" ಎಂದರು.

ಹದಿನೈದು ದಿನದ ಮೇಲೆ ಅದನ್ನು ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ಹೊರಟೆ. ಮಧುಗಿರಿಯಲ್ಲಿ ಬಸ್ಸು ಬದಲಿಸುವಾಗ ನಾಲ್ಕು ಜನ ಹಿಡಿದು ಇಳಿಸಬೇಕಾಯಿತು. "ಏನ್ ಸ್ವಾಮಿ ಇದು, ಕೋಳಿಗೂಡಾ?" ಎಂದ ಒಬ್ಬ. "ಸುಮ್ಕಿರ್ಲಾ, ದೇವರ ಪೆಟ್ಟಿಗೆ ಕಣ್ಲಾ" ಎಂದು ಮತ್ತೊಬ್ಬ ಗದರಿ ಅದಕ್ಕೆ ಕೈಮುಗಿದ. ನಾನು ತಿದ್ದಲಿಲ್ಲ. ಪಾವಗಡ ತಲುಪುವವರೆಗೂ ಅದರ ಯಜಮಾನ ನಾನೆಂದು ಬಸ್ಸಿನಲ್ಲಿ ಎಲ್ಲರಿಗೂ ಗೊತ್ತಾಗುವಂತೆ ಕೂತಿದ್ದೆ.

ಪೆಟ್ಟಿಗೆ ಕಿಟಕಿಗೆ ಹಿಡಿಸಲಿಲ್ಲ. ಚೌಕಟ್ಟು ಕಿತ್ತು, ಗೋಡೆ ಒಡೆದು ಕೂರಿಸಿ, ಮೂರೂ ಕಡೆಗೆ ತಗಡಿನ ಕೊಳವೆ ಎಳೆದದ್ದಾಯಿತು. ಮಾರನೆಯ ದಿನ ಎಂಟು ಜನ ಹೆಂಗಸರೂ ಬಂದು ಕೂತ ಮೇಲೆ ನಾನೊಂದು ಪುಟ್ಟ ಭಾಷಣ ಮಾಡಿ ಸ್ವಿಚ್ಚು ಹಾಕಿದೆ. ಲಾರಿ ಹೊರಟಂತೆ ಸದ್ದಾಯಿತು. ಕತ್ತರಿಸಿಟ್ಟಿದ್ದ ಕಾಗದದ ನಮೂನೆಗಳೆಲ್ಲ ಎದ್ದು ಹಾರಿದವು. ಒಬ್ಬಳ ತೋಳು ಇನ್ನೊಬ್ಬಳ ಕೊರಳಿಗೆ ಸೇರಿತು. ಬ್ಲೌಸಿನ ತೋಳು, ಬ್ಲೌಸಿನ ಕೊರಳು. "ಅಯ್ಯೋ ದೇವುಡಾ, ಸಾರ್, ಆರಿಸ್ಬುಡಿ!" ಎಂದು ಓಬಳಮ್ಮ ಕೂಗಿದಳು. ನಾನು "ಅಭ್ಯಾಸ ಆಗುತ್ತೆ" ಎಂದೆ. ಒಂದು ಗಂಟೆಯೊಳಗೆ ಮನೆಯೆಲ್ಲ ತೇವವಾಯಿತು. ಡಬ್ಬದಲ್ಲಿದ್ದ ಹಪ್ಪಳ ಮೆತ್ತಗಾಯಿತು, ಬೆಂಕಿಕಡ್ಡಿ ಹತ್ತಲಿಲ್ಲ. ಬೀದಿಯ ಬೋರ್‌ವೆಲ್ಲಿನಿಂದ ನಾನು ಹೊತ್ತು ತಂದ ಕೊಡ ಕೊಡ ನೀರನ್ನು ಅದು ಕುಡಿದು, ಮತ್ತೆ ಬೇಕೆಂದು ಗೊರಗೊರ ಎಂದಿತು. ಸೆಕೆ ಮಾತ್ರ ಹೋಗಲಿಲ್ಲ. ಒಣ ಸೆಕೆ ಹೋಗಿ ಒದ್ದೆ ಸೆಕೆ ಬಂದಿತ್ತು.

ಮೂರು ದಿನ ನಾನು ಸೋಲೊಪ್ಪಲಿಲ್ಲ. ನಾಲ್ಕನೆಯ ದಿನ ಜಯಾ ಕೊರಳಲ್ಲಿದ್ದ ಟೇಪು ತೆಗೆದು ಕೈಗೆ ಸುತ್ತಿಕೊಳ್ಳುತ್ತಾ ಎದುರಿಗೆ ನಿಂತಳು.

"ರೀ, ದೊಡ್ಡದೇ ಒಳ್ಳೇದು ಅಂತ ಎಲ್ಲರಿಗೂ ಒಂದೇ ದೊಡ್ಡ ಬ್ಲೌಸ್ ಹೊಲಿದ್ರೆ ಯಾರಾದ್ರೂ ಹಾಕ್ಕೋತಾರಾ?"

"ಅದು ಬಟ್ಟೆ. ಇದು ಯಂತ್ರ."

"ಅಳತೆ ಅಳತೇನೇ ಅಲ್ವಾ? ನಾವು ಕೂರೋದು ಒಂದು ಕಡೆ. ಯಾರೂ ಇಲ್ಲದ ಕೋಣೆಗೆ, ಒಲೆ ಉರಿಯೋ ಅಡಿಗೆಮನೆಗೆ ಯಾಕೆ ಗಾಳಿ? ಸಾಬರನ್ನ ಕರೆಸಿ."

ಗಫೂರ್ ಸಾಬರು ಬಂದರು. ಜಯಾ ತೋರಿಸಿದ ಕಡೆಯೆಲ್ಲ ನೋಡಿದರು. ಆಮೇಲೆ ಸ್ಪಾನರ್ ತೆಗೆದು ನಡುವಿನ ಆರು ಬೋಲ್ಟು ಬಿಚ್ಚಿದರು. ಪೆಟ್ಟಿಗೆ ಸಲೀಸಾಗಿ ಎರಡು ಭಾಗವಾಯಿತು. "ವಾಪಸ್ ಕರೀತೀರಿ ಅಂತ ಗೊತ್ತಿತ್ತು ಮೇಷ್ಟ್ರೇ. ಅದಕ್ಕೇ ಬೆಸುಗೆ ಹಾಕಲಿಲ್ಲ" ಎಂದರು. ಅರ್ಧ ಪೆಟ್ಟಿಗೆಗೆ ಚಿಕ್ಕ ಫ್ಯಾನು ಕೂರಿಸಿದರು. ಎರಡು ಕೊಳವೆ ಮುಚ್ಚಿದರು. ಜಯಾ ವರ್ಷಗಳಿಂದ ಮುಚ್ಚಿದ್ದ ಎದುರು ಕಿಟಕಿ ತೆಗೆದಳು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಯಿತು. ಕಾಗದ ಹಾರಲಿಲ್ಲ, ಲಾವಂಚದ ವಾಸನೆ ಮೆಲ್ಲಗೆ ಹರಡಿತು. ಓಬಳಮ್ಮ ಸೂಜಿಗೆ ದಾರ ಪೋಣಿಸಿ, "ಇವಾಗ ಸರಿಹೋಯ್ತು ಕಣಕ್ಕಾ" ಎಂದಳು.

"ಎಷ್ಟು ವರ್ಷ ಬಾಳುತ್ತೆ?" ಎಂದು ಸಾಬರನ್ನು ಕೇಳಿದೆ. ಅವರು ಉತ್ತರ ಹೇಳಿದ್ದು ಜಯಾಗೆ. "ಲಾವಂಚ ವರ್ಷವರ್ಷ ಹೊಸದು ಕಟ್ಟಬೇಕಮ್ಮ. ಇಲ್ಲಿ ನೀರು ಉಪ್ಪು, ಪಂಪು ಬೇಗ ಕಟ್ಟಿಕೊಳ್ಳುತ್ತೆ, ತೊಳೀತಾ ಇರಿ. ಬೇಸಿಗೆ ಮುಗಿದ ಮೇಲೆ ನೀರು ಬಸಿದು ಒಣಗಿಸಿ ಮುಚ್ಚಿಟ್ರೆ ಹತ್ತು ಬೇಸಿಗೆ. ಇಲ್ಲಾಂದ್ರೆ ಮೂರು." ನಾನು ಸ್ಟಾಫ್ ರೂಮಿನಲ್ಲಿ ಇಪ್ಪತ್ತು ವರ್ಷ ಎಂದು ಆಗಲೇ ಘೋಷಿಸಿಬಿಟ್ಟಿದ್ದೆ.

ಆ ಮೇ ತಿಂಗಳು ಎಂಟೂ ಜನ ಪರೀಕ್ಷೆ ಬರೆದರು. ಎಂಟೂ ಜನ ಪಾಸಾದರು. ಓಬಳಮ್ಮ ಬರಗೂರಿನ ಕಡೆ ಹೊಲಿಗೆ ಟೀಚರಾದಳು. ಕೂಲರು ಇಪ್ಪತ್ತು ವರ್ಷ ಬಾಳಲಿಲ್ಲ, ನಿಜ. ಆದರೆ ದಶಕ ಮುಗಿಯುವವರೆಗೂ ಪ್ರತಿ ಬೇಸಿಗೆ ಗುಂಯ್ ಎಂದಿತು. ಪ್ರತಿ ಮಳೆಗಾಲಕ್ಕೆ ಮುಂಚೆ ಜಯಾ ಅದರ ಉಪ್ಪು ಕೆರೆದು, ಒರೆಸಿ, ಹಳೆ ಸೀರೆ ಹೊದಿಸಿದಳು. ಊರಿನಲ್ಲಿ ನನಗೆ ಕೂಲರ್ ಮೇಷ್ಟ್ರು ಎಂದು ಹೆಸರಾಯಿತು. ನಾನು ಬೇಡವೆನ್ನಲಿಲ್ಲ.

ಒಂದು ಭಾನುವಾರ ಕೊರಟಗೆರೆಯಿಂದ ಒಬ್ಬರು ಮನೆ ಹುಡುಕಿಕೊಂಡು ಬಂದರು. ಹೊಸ ಮನೆ ಕಟ್ಟಿಸಿದ್ದಾರೆ, ಎಷ್ಟು ದೊಡ್ಡ ಕೂಲರು ಮಾಡಿಸಬೇಕು ಎಂದು ತಿಳಿಯಬೇಕಂತೆ. ನಾನು ಗಂಟಲು ಸರಿಮಾಡಿಕೊಂಡು ಕುರ್ಚಿ ಎಳೆದೆ. ಅವರು ಕೈಮುಗಿದು, "ತಪ್ಪು ತಿಳೀಬೇಡಿ ಸಾರ್, ಗಫೂರ್ ಸಾಬರು ಅಮ್ಮಾವ್ರನ್ನೇ ಕೇಳು ಅಂದ್ರು" ಎಂದರು. ಜಯಾ ಹೊರಗೆ ಬಂದು, ಅವರ ಮನೆಯಲ್ಲಿ ಎಷ್ಟು ಜನ, ಯಾವ ಕಡೆ ಬಿಸಿಲು ಎಂದು ವಿಚಾರಿಸತೊಡಗಿದಳು. ನಾನು ಒಳಗೆ ಹೋಗಿ ಕಾಫಿ ಮಾಡಿದೆ. ಲೋಟ ಅವರ ಕೈಗಿಟ್ಟು, ಯಾರೂ ಕೇಳದಿದ್ದರೂ, ಜಯಾ ಕಡೆ ತೋರಿಸಿ, "ಇವರು ನಮ್ಮ ಮನೆಯವರು" ಎಂದು ಹೇಳಿಯೇಬಿಟ್ಟೆ. ಅವರು, "ಗೊತ್ತು ಸಾರ್" ಎಂದು ನಕ್ಕರು. ನಾನು ಇನ್ನೊಂದು ಸಲ ಹೇಳಿದೆ.